ಕಲ್ಲುಪೇಟೆ ಬೆಟ್ಟದಲ್ಲಿ ಉಳಿದವರು

ಗಂಗಾಮಣಿಯನ್ನು ವನಗೂರಿನ ಕಡೆಯವರು ಕಲ್ಲುಪೇಟೆ ಗೌಡ್ತಿ ಎಂದು ಕರೆಯುತ್ತಾರೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇದೆಯಲ್ಲ, ಅದರಿಂದ ಹುಟ್ಟಿದ ಲೇವಡಿ ಇದು. ಅವಳ ಪಾಲಿನ ಊರು ನಿಜಕ್ಕೂ ಹಾಳೂರೇ. ಬೆಟ್ಟದ ಮೇಲೆ ಯಾವುದೋ ಕಾಲದಲ್ಲಿ ಯಾವನೋ ನಾಯಕ ಕಟ್ಟಿಸಿದ ಪಟ್ಟಣ. ಈಗ ಅಲ್ಲಿರುವುದು ಒಂದು ಹೆಬ್ಬಾಗಿಲು, ಎರಡೂ ಕಡೆ ಜಗಲಿ ಮಾತ್ರ ಉಳಿದಿರುವ ಪೇಟೆ ಬೀದಿ, ಪಾಚಿ ಕಟ್ಟಿದ ಕೊಳ, ಸೂರಿಲ್ಲದ ಅರಮನೆ, ತುತ್ತತುದಿಯಲ್ಲಿ ಕಣಿವೆಯನ್ನೆಲ್ಲ ತೋರಿಸುವ ನೋಟದ ಬಂಡೆ. ಒಕ್ಕಲು ಎಂದು ಒಂದು ಮನೆಯೂ ಇಲ್ಲ. ಬೆಳಿಗ್ಗೆ ಬೆಟ್ಟದ ಬುಡದ ಗೇಟು ತೆಗೆದು ಸಂಜೆ ಬೀಗ ಹಾಕುವ ಗಂಗಾಮಣಿಯೇ ಅದಕ್ಕೆ ದೊರೆ, ದಿವಾನ, ತಳವಾರ ಎಲ್ಲ.

ದೊರೆಗೆ ಮೊಣಕಾಲು ಮಾತ್ರ ಕೈಕೊಟ್ಟಿತ್ತು. ದಿನಕ್ಕೊಂದು ಸಲ ಬೆಟ್ಟ ಹತ್ತಿಳಿದು, ಮೆಟ್ಟಿಲ ಮೇಲೆ ಜನ ಬಿಸಾಡಿದ ಬಾಟಲಿಗಳನ್ನು ಬಗ್ಗಿ ಬಗ್ಗಿ ಆರಿಸಿ, ವಯಸ್ಸು ಐವತ್ತು ದಾಟುವ ಹೊತ್ತಿಗೆ ಬಲಗಾಲು ಮಡಚಿದರೆ ಬಿಡಿಸಲಾರದು, ಬಿಡಿಸಿದರೆ ಮಡಚಲಾರದು ಎಂಬಂತಾಗಿತ್ತು. ಗೇಟಿನ ಎದುರು ಟೀ ಅಂಗಡಿ ಇಟ್ಟಿರುವ ರುಬೀನಾ ದಿನಾ ಬೈಯುತ್ತಿದ್ದಳು. "ಗಂಗಕ್ಕಾ, ಬೆಟ್ಟ ಇರೋದು ದೂರದಿಂದ ನೋಡಕ್ಕೆ ಕಣಕ್ಕಾ. ನಾನು ಇಷ್ಟು ವರ್ಷದಿಂದ ಎದುರಿಗೇ ಕೂತಿದೀನಿ, ಒಂದು ಸಲಾನಾದ್ರೂ ಹತ್ತಿದೀನಾ? ನೋಡು, ನನ್ ಕಾಲು ಹೆಂಗೈತೆ!" ರುಬೀನಾಳ ಕಾಲು ಚೆನ್ನಾಗಿಯೇ ಇತ್ತು. ಅವಳ ಉಬ್ಬಸ ಮತ್ತು ತೂಕದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಮೊದಲೆಲ್ಲ ಬಂದವರನ್ನು ಬೆಟ್ಟದ ಮೇಲೆ ಕರೆದುಕೊಂಡು ಹೋಗಲು ಒಬ್ಬರು ಬೇಕಿತ್ತು. ಆಮೇಲೆ ಗಂಗಾಮಣಿಗೆ ಸಂಬಳ ಕೊಡುವ ಬೆಟ್ಟದ ಸಮಿತಿಯವರು ಬಂಡೆಗಳ ಮೇಲೆ ಹಳದಿ ಬಾಣ ಬರೆಸಿದರು. ಹೆಬ್ಬಾಗಿಲಿಗೊಂದು, ಕೊಳಕ್ಕೊಂದು, ಅರಮನೆಗೊಂದು ಬೋರ್ಡು ನಿಲ್ಲಿಸಿ ಅದರಲ್ಲಿ ಕಪ್ಪು ಚುಕ್ಕಿಗಳ ಚೌಕ ಹಾಕಿಸಿದರು. ಬೋರ್ಡಿನ ಕಥೆಯನ್ನೆಲ್ಲ ಗೇಟಿನ ಹತ್ತಿರವೇ ಫೋನಿಗೆ ಇಳಿಸಿಕೊಂಡು, ಮೇಲೆ ಆ ಚೌಕಕ್ಕೆ ಫೋನು ಹಿಡಿದರೆ ಸಾಕು, ಫೋನು ಒದರುತ್ತಾ ಹೋಗುತ್ತದೆ, ಜನ ಹಿಂದೆ ಹೋಗುತ್ತಾರೆ. ಸಮಿತಿಯ ಅಧ್ಯಕ್ಷ ಲೋಹಿತ್ ಇದಕ್ಕೆ ಸೆಲ್ಫ್ ಗೈಡೆಡ್ ವಾಕ್ ಎಂದು ಹೆಸರಿಟ್ಟ. ತಾನೇ ನೋಡಿಕೊಂಡು ತಾನೇ ಬರುವುದು ಎಂದು ಗಂಗಾಮಣಿಗೆ ಬಿಡಿಸಿ ಹೇಳಿದ. ಅವಳಿಗೆ ಅದು ಒಪ್ಪಿಗೆಯಾಯಿತು. ಆದರೆ ಬಾಣಗಳೆಲ್ಲ ಮೇಲೆ ಹೋಗುವುದನ್ನು ಹೇಳುತ್ತಿದ್ದವೇ ಹೊರತು, ಹೋದವರು ಇಳಿದು ಬಂದರೋ ಇಲ್ಲವೋ ಎಂದು ಯಾವ ಬಾಣವೂ ಹೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಅದೊಂದೇ.

ಯಾಕೆ ಬೇಕಿತ್ತು ಎನ್ನುವುದಕ್ಕೆ ಅವಳ ಗಂಡನ ವಿಷಯ ಹೇಳಬೇಕು. ಕೆ. ಹೊಸಕೋಟೆಯ ಬಯಲು ಕಡೆಯಿಂದ ಮದುವೆಯಾಗಿ ಬಂದವಳು ಗಂಗಾಮಣಿ. ಗಂಡ ಬೋರಯ್ಯ ಇಲ್ಲೇ ಎಸ್ಟೇಟಿನಲ್ಲಿ ಮರಗಸಿ ಮಾಡುವವನು. ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ನೆರಳು ಮರಗಳ ಕೊಂಬೆ ಸವರುವ ಕೆಲಸ ಅದು. ಒಂದು ದಿನ ಮರದಿಂದ ಬಿದ್ದ. ಬಿದ್ದ ತಕ್ಷಣ ಸಾಯಲಿಲ್ಲ, ಸಂಜೆಯ ತನಕ ಮರದ ಬುಡದಲ್ಲೇ ಇದ್ದ. ಕೆಲಸ ಬಿಟ್ಟ ಮೇಲೆ ಎಲ್ಲರೂ ಕೂಲಿ ಲೈನಿನ ಮನೆಗಳಿಗೆ ಬಂದರು. ಬೋರಯ್ಯ ಬಂದಿಲ್ಲ ಎಂದು ಹಾಜರಿ ಬರೆಯುವ ರೈಟರಿಗೆ ಹೊಳೆಯಲಿಲ್ಲ, ಜೊತೆಯವರಿಗೆ ಹೊಳೆಯಲಿಲ್ಲ. ಎಲ್ಲೋ ಮಾತಿಗೆ ಕೂತಿರಬೇಕು ಎಂದುಕೊಂಡು ಗಂಗಾಮಣಿ ಮುದ್ದೆ ತಿರುವಿಟ್ಟಳು. ಹುಡುಕಿಕೊಂಡು ಹೋದಾಗ ಮೈ ತಣ್ಣಗಾಗಿತ್ತು. ಎಲ್ಲರೂ ಬಂದರಾ ಎಂದು ಒಬ್ಬರಾದರೂ ಕೇಳಿದ್ದರೆ ಸಾಕಿತ್ತು. ಆ ಸಂಕಟ ಅವಳಿಗೆ ಇವತ್ತಿಗೂ ಆರಿಲ್ಲ.

ಗೇಟಿನ ಪಕ್ಕದಲ್ಲಿ ಸೊಪ್ಪಿನಮ್ಮ ಎಂಬ ಕಲ್ಲೊಂದಿದೆ. ಬೆಟ್ಟಕ್ಕೆ ಹುಲ್ಲು ಸೌದೆ ತರಲು ಹೋಗುವವರು ಒಂದು ಹಸಿರು ಸೊಪ್ಪು ಮುರಿದು ಅದರ ಮೇಲಿಟ್ಟು, ಕಾಲು ನೋಯದ ಹಾಗೆ ನೋಡ್ಕೊಳ್ಳಮ್ಮ ಎಂದು ಕೈಮುಗಿದು ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಗಂಗಾಮಣಿ ಇದಕ್ಕೆ ತನ್ನದೊಂದು ಕೊಂಡಿ ಸೇರಿಸಿದಳು. ಹತ್ತುವಾಗ ತಲೆಗೊಂದು ಸೊಪ್ಪು ಇಡಬೇಕು, ಇಳಿದ ಮೇಲೆ ಒಂದನ್ನು ತೆಗೆದು ಆಚೆ ಎಸೆಯಬೇಕು. ಸಂಜೆ ಕಲ್ಲು ಬರಿದಾಗಿದ್ದರೆ ಬೀಗ. ಸೊಪ್ಪು ಉಳಿದಿದ್ದರೆ ಯಾರೋ ಮೇಲಿದ್ದಾರೆ, ಅವಳು ಹತ್ತಬೇಕು. ಅಮ್ಮನಿಗೆ ಕೊಟ್ಟದ್ದನ್ನು ವಾಪಸ್ ತೆಗೆಯುವುದೇ ಎಂದು ಊರಿನವರು ಗೊಣಗಿದರು. "ಸೊಪ್ಪು ಅಮ್ಮಂಗೆ, ಲೆಕ್ಕ ನಂಗೆ. ಅವಳೇನೂ ಅನ್ಕೊಳಲ್ಲ, ನೀವು ಸುಮ್ಕಿರಿ" ಎಂದಳು ಗಂಗಾಮಣಿ. ನಗರದಿಂದ ಬರುವ ಹುಡುಗ ಹುಡುಗಿಯರಿಗಂತೂ ಇದು ಬಲು ಇಷ್ಟವಾಯಿತು. ಸೊಪ್ಪು ಇಡುವುದನ್ನು ವಿಡಿಯೋ ಮಾಡಿಕೊಳ್ಳುವ ಸಂಭ್ರಮದಲ್ಲಿ ಗೇಟಿನ ಸುತ್ತಲಿನ ಗಿಡಗಳನ್ನೆಲ್ಲ ಬೋಳಿಸಿಬಿಟ್ಟರು.

ಅವಳು ಮಾತ್ರ ಒಂದು ದಿನವೂ ಸೊಪ್ಪು ಇಟ್ಟವಳಲ್ಲ. ಮನೆಯವಳು ತನ್ನ ಮನೆಗೆ ಹೋಗಲು ಯಾರನ್ನು ಕೇಳಬೇಕು ಎಂಬ ಜಂಬ.

ಪುಷ್ಯ ಮಾಸದ ಚಳಿ. ಎಲ್ಲ ತೋಟಗಳಲ್ಲೂ ಕಾಫಿ ಕೊಯ್ಲು ನಡೆಯುತ್ತಿತ್ತು. ಲೋಹಿತ್ ತನ್ನ ಜೀಪು ನಿಲ್ಲಿಸಿ ಗೇಟಿನ ಹತ್ತಿರ ಬಂದ. ಒಳ್ಳೆಯ ಹುಡುಗ, ಅವಳನ್ನು ಅಕ್ಕ ಎಂದೇ ಮಾತಾಡಿಸುವವನು.

"ಗಂಗಕ್ಕಾ, ಕಾಲು ನೋವು ಅಂತಿದ್ರಲ್ಲ, ಸಮಿತಿಲಿ ಮಾತಾಡಿದೀನಿ. ನಾಳೆಯಿಂದ ನೀವು ಬರಬೇಡಿ, ಮನೇಲಿ ಆರಾಮಾಗಿರಿ."

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. "ನನ್ ಜಾಗಕ್ಕೆ ಯಾರು ಬತ್ತಾರೆ ಗೌಡ್ರೆ?"

"ಯಾರೂ ಬೇಡಕ್ಕಾ. ಗೇಟನ್ನೇ ಕಿತ್ತು ಹಾಕ್ತೀವಿ. ಬೋರ್ಡ್ ಐತೆ, ಬಾಣ ಐತೆ. ಸೆಲ್ಫ್ ಗೈಡೆಡ್ ಅಂದ್ಮೇಲೆ ಆಳು ಯಾಕೆ? ನಿಜ ಹೇಳಬೇಕು ಅಂದ್ರೆ, ಇಷ್ಟು ದಿನಾನೂ ನೀವಿರೋದು ಒಂಥರ ಅಭ್ಯಾಸಕ್ಕೆ ಅಷ್ಟೇ."

ಮಾತಿನಲ್ಲಿ ವಿಷವಿರಲಿಲ್ಲ. ಆದರೂ ಅವಳಿಗೆ ನಾಟಿತು. ಬಿಡುಗಡೆಯೇನೋ ಸಿಕ್ಕಿತು, ಅದರ ಜೊತೆಗೆ ಇಷ್ಟು ವರ್ಷ ಸವೆಸಿದ ಕಾಲಿಗೆ ಏನೂ ಅರ್ಥವಿರಲಿಲ್ಲ ಎಂಬ ತೀರ್ಪೂ ಸಿಕ್ಕಿತು. "ಆಯ್ತು ಬುಡಿ" ಎಂದಳು. ಹೇಳಿಕೊಳ್ಳೋಣವೆಂದರೆ ಎದುರಿನ ಅಂಗಡಿ ಮುಚ್ಚಿತ್ತು. ರುಬೀನಾ ಗಂಡ ರಯೀಸನ ಜೀಪಿನಲ್ಲಿ ಸಕಲೇಶಪುರಕ್ಕೆ ಮದುವೆಗೆ ಹೋಗಿದ್ದಳು.

ಅಂದು ಜನ ಕಡಿಮೆ. ಹೊತ್ತು ಇಳಿಯುವ ಮೊದಲೇ ಎಲ್ಲರೂ ಇಳಿದಂತಿತ್ತು. ಗಂಗಾಮಣಿ ಬುತ್ತಿ ಚೀಲವನ್ನು ಗೇಟಿಗೆ ನೇತುಹಾಕಿ, ಬೀಗ ಹಿಡಿದುಕೊಂಡು ಕೊನೆಯ ಸಲ ಸೊಪ್ಪಿನಮ್ಮನಿಗೆ ಕೈಮುಗಿಯಲು ಹೋದಳು. ಕಲ್ಲಿನ ಮೇಲೆ ಒಂದು ಸೊಪ್ಪು ಇತ್ತು. ಬಾಡಿರಲಿಲ್ಲ.

ಅವಳಿಗೆ ಅಳು ಬರುವಷ್ಟು ಸುಸ್ತಾಯಿತು. ಕೆಲಸ ಹೋದ ದಿನವೇ ಇದು ಬರಬೇಕೆ? ಬೆಟ್ಟದ ತಲೆಗೆ ಆಗಲೇ ಮಂಜು ಸುತ್ತಿತ್ತು. ಆ ಸೊಪ್ಪನ್ನು ಎರಡು ಬೆರಳಲ್ಲಿ ಎತ್ತಿ ಎಸೆದು ಮನೆಗೆ ಹೋದರೆ ಕೇಳುವವರು ಯಾರೂ ಇಲ್ಲ, ಇನ್ನು ಮೇಲಂತೂ ಇಲ್ಲವೇ ಇಲ್ಲ. ತಾವೇ ಹೋದವರು ತಾವೇ ಬರಲಿ, ಅದಕ್ಕೆ ತಾನೇ ಆ ಹೆಸರು? ಕೈ ಮುಂದೆ ಹೋಯಿತು. ಮರದ ಬುಡದಲ್ಲಿ ಬಿದ್ದಿದ್ದ ಬೋರಯ್ಯನ ಮುಖ ಕಣ್ಣಿಗೆ ಬಂತು. "ನಿನ್ ಮನೆ ಕಾಯ್ವೋಗ" ಎಂದು, ಮೇಲಿದ್ದವರಿಗೋ ಅಮ್ಮನಿಗೋ ಬೈದು ಅವಳು ಹತ್ತತೊಡಗಿದಳು.

ನಿಜ ಸಂಗತಿ ಏನೆಂದರೆ, ಬೆಟ್ಟದ ಮೇಲೆ ನರಪಿಳ್ಳೆಯೂ ಇರಲಿಲ್ಲ. ಹೊಂಗಡಹಳ್ಳದ ಮೀನಾಕ್ಷಮ್ಮ ಎಂಬ ಮುದುಕಿ ನೆಂಟರ ಮನೆಗೆ ಬಂದಿದ್ದವಳು, ಮಧ್ಯಾಹ್ನ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಸೊಪ್ಪಿನಮ್ಮನನ್ನು ಕಂಡು ಬರಿಗೈಯಲ್ಲಿ ನಿಲ್ಲಲು ಅವಳ ಮನಸ್ಸು ಕೇಳಲಿಲ್ಲ. ಒಂದು ಸೊಪ್ಪು ಮುರಿದಿಟ್ಟು, ಬಸ್ಸು ಬಂದಾಗ ಹತ್ತಿ ಹೋದಳು. ಹಾಕಿದ್ದನ್ನು ತೆಗೆಯುವ ಪದ್ಧತಿ ಅವಳ ಊರಲ್ಲಿ ಇಲ್ಲ. ಭಕ್ತಿಯಿಂದ ಇಟ್ಟ ಸೊಪ್ಪನ್ನು ಗಂಗಾಮಣಿ ಮನುಷ್ಯನೆಂದು ಓದಿದಳು. ತಪ್ಪು ಮುದುಕಿಯದೂ ಅಲ್ಲ, ಇವಳದೂ ಅಲ್ಲ.

ಹೆಬ್ಬಾಗಿಲಲ್ಲಿ ನಿಂತು "ಯಾರ್ರೀ ಮೇಲಿರೋದು?" ಎಂದು ಕೂಗಿದಳು. ಕಲ್ಲುಗಳು ಅದನ್ನೇ ಅರ್ಧ ನುಂಗಿ ವಾಪಸ್ ಕೊಟ್ಟವು. ಪೇಟೆ ಬೀದಿಯ ಜಗಲಿಗಳ ಸಂದಿ ನೋಡಿದಳು. ಕೊಳದ ಹತ್ತಿರ ಅವಳಿಗೆ ಯಾವಾಗಲೂ ಪುಕಪುಕ, ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲದ ಜಾಗ ಅದು. ನೀರು ಅಲುಗಾಡಿರಲಿಲ್ಲ. ಅರಮನೆಯೊಳಗೆ ಒಂದು ಚಿಪ್ಸ್ ಕವರು ಮಾತ್ರ ಸಿಕ್ಕಿತು, ಅಭ್ಯಾಸಬಲದಿಂದ ಬಗ್ಗಿ ಎತ್ತಿಕೊಂಡಳು. ನೋಟದ ಬಂಡೆಗೆ ಬಂದರೆ ಅಲ್ಲೂ ಯಾರಿಲ್ಲ. ಮಂಜು ಸರಿದು, ಕೆಳಗೆ ಕಣಿವೆ ಮುಗಿಯದಷ್ಟು ದೂರ ಹರಡಿತ್ತು. ಜನ ಇದನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ತಾನು ಇಲ್ಲಿಗೆ ಬರುವಾಗಲೆಲ್ಲ ಬಂಡೆಯ ಮೇಲೆ ಯಾರಾದರೂ ಉಳಿದಿದ್ದಾರಾ ಎಂದಷ್ಟೇ ನೋಡಿ ತಿರುಗಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು. ಈಗಲೂ ನಿಂತು ನೋಡುವ ಮನಸ್ಸಾಗಲಿಲ್ಲ. ದಣಿದವರಿಗೆ ಚಂದ ಕಂಡೂ ಏನು ಮಾಡುವುದು?

ಇಳಿಯುವಾಗ ಪೇಟೆ ಬೀದಿಯಲ್ಲಿ ಬಲಮೊಣಕಾಲು ಕಳಚಿಕೊಂಡಂತಾಗಿ ಕುಸಿದಳು. ಏಳಲು ಹೋದರೆ ಕಾಲು ನೆಲ ಊರಲಿಲ್ಲ. ತೆವಳಿ ಒಂದು ಜಗಲಿಗೆ ಒರಗಿ ಕುಳಿತಳು. ಫೋನು ಕೆಳಗೆ ಚೀಲದಲ್ಲಿತ್ತು, ಇದ್ದಿದ್ದರೂ ಇಲ್ಲಿ ಟವರ್ ಸಿಗುವುದಿಲ್ಲ. ಮನೆಯಲ್ಲಿ ಕಾಯುವವರಿಲ್ಲ. ನಾಳೆ ಗೇಟಿನಲ್ಲಿ ಕಾಣದಿದ್ದರೆ, ಹೇಗೂ ಕೆಲಸ ಬಿಟ್ಟಳಲ್ಲ ಎಂದುಕೊಳ್ಳುತ್ತಾರೆ. ಊರಿಗೆಲ್ಲ ಸೊಪ್ಪು ಇಡಿಸಿದವಳು ತನಗೆಂದು ಒಂದು ಇಟ್ಟಿರಲಿಲ್ಲ. ಬೋರಯ್ಯನಿಗೂ ಹೀಗೇ ಅನಿಸಿರಬೇಕು ಎಂದುಕೊಂಡಳು. ಮುಸ್ಸಂಜೆಯ ಕೊನೆಯ ಬೆಳಕು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿತ್ತು.

ಆಗ ಕೆಳಗಿನಿಂದ ಕೂಗೊಂದು ಬಂತು. "ಗಂಗಕ್ಕಾ!"

ಅವಳು ಓಗೊಡಲಿಲ್ಲ. ಮುಸ್ಸಂಜೆಯ ಮೇಲೆ ಕಾಡಿನಲ್ಲಿ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಅನ್ನಬಾರದು ಎಂಬುದು ಈ ಸೀಮೆಯ ಕಟ್ಟುಪಾಡು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದೆ.

"ಗಂಗಕ್ಕಾ! ಎಲ್ಲಿದೀಯಾ ಮಾರಾಯ್ತಿ?"

ರುಬೀನಾಳ ಧ್ವನಿ. ಉಬ್ಬಸದಲ್ಲಿ ಒಡೆದಿತ್ತು, ಹೆಬ್ಬಾಗಿಲಿನ ಹತ್ತಿರದಿಂದಲೇ ಬರುತ್ತಿತ್ತು. ಇನ್ನು ಅನುಮಾನವೇ ಇರಲಿಲ್ಲ, ಓ ಅನ್ನಬಹುದಿತ್ತು. ಆದರೂ ಗಂಗಾಮಣಿ ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಈ ಕಲ್ಲುಗಳ ನಡುವೆ ಗಂಟಲು ಹರಿಯುವಂತೆ ಕೂಗಿದವಳು ಅವಳೊಬ್ಬಳೇ. ಅವಳ ಹೆಸರನ್ನು ಇಲ್ಲಿ ಯಾರೂ ಕೂಗಿರಲಿಲ್ಲ. ಇನ್ನೊಂದು ಸಲ ಕೇಳಬೇಕೆನಿಸಿತು. ಅಷ್ಟು ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

"ಗಂಗಕ್ಕಾ!"

"ಓ" ಎಂದಳು. ಕೂಗಿದ್ದು ಸಣ್ಣ ಮಗುವಿನ ದನಿಯಾಗಿ ಹೊರಟಿತು.

ರುಬೀನಾ ಗೋಡೆ ಹಿಡಿದು, ನಿಂತು, ಮತ್ತೆ ನಡೆದು, ಅವಳ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು. ಮದುವೆಯ ಜರಿ ಸೀರೆಯ ಅಂಚು ಮುಳ್ಳಿಗೆ ಸಿಕ್ಕಿ ಹರಿದಿತ್ತು. "ಗೇಟಿಗೆ ಬೀಗ ಇಲ್ಲ, ಚೀಲ ಅಲ್ಲೇ ನೇತಾಡ್ತೈತೆ, ಕಲ್ಲಿನ ಮೇಲೆ ಸೊಪ್ಪು ಐತೆ. ಇವಳು ಇನ್ನೂ ಮೇಲೇ ಅವ್ಳೆ ಅಂತ ಎದೆ ಒಡ್ಕೊಂಬುಟ್ಟೆ ಕಣೇ! ರಯೀಸು ಟಾರ್ಚ್ ಹುಡುಕ್ತಾ ಅವ್ನೆ, ನಾನು ಕಾಯಕ್ಕಾಗ್ದೆ ಬಂದ್ಬುಟ್ಟೆ. ನಿಂಗೆ ಅಂತ ಬಿರಿಯಾನಿ ಕಟ್ಟಿಸ್ಕೊಂಡ್ ಬಂದ್ರೆ ಇಲ್ಲಿ ಕೂತಿದೀಯಲ್ಲ! ಯಾರ್ನ ಹುಡುಕ್ಕೊಂಡ್ ಬಂದಿದ್ದೆ?"

"ಯಾರೂ ಇಲ್ಲ ಕಣೇ ಇಲ್ಲಿ" ಎಂದಳು ಗಂಗಾಮಣಿ.

"ಏಳು ಮತ್ತೆ. ನಡಿ."

ಗಂಗಾಮಣಿ ಏಳಲಿಲ್ಲ. ಗಂಡ ಸತ್ತಾಗ ಹೇಳದ್ದನ್ನು, ಲೋಹಿತನ ಮುಂದೆ ಹೇಳಲಾಗದ್ದನ್ನು, ದಿನಾ ಬೈಯುತ್ತಿದ್ದ ಈ ರುಬೀನಾಗೂ ಒಮ್ಮೆಯೂ ಒಪ್ಪಿಕೊಳ್ಳದ್ದನ್ನು ಈಗ ಹೇಳಿದಳು.

"ಸುಸ್ತಾಗೈತೆ ಕಣೇ ರುಬೀನಾ. ಬಾಳ ಸುಸ್ತಾಗೈತೆ."

ರುಬೀನಾ ಬೈಯಲಿಲ್ಲ. ಜಗಲಿ ಹಿಡಿದು ಮೆಲ್ಲಗೆ ಬಗ್ಗಿ, ಪಕ್ಕದಲ್ಲಿ ಕುಳಿತುಕೊಂಡಳು. "ಕೂತ್ಕೋ" ಎಂದಳು. "ಎಷ್ಟೊತ್ತು ಬೇಕೋ ಅಷ್ಟೊತ್ತು ಕೂತ್ಕೋ. ನಾನಿಲ್ಲೇ ಇರ್ತೀನಿ."