ಬ್ಯಾಂಕಾಕ್‌ಗೆ ಹೊರಟಿದ್ದ ರೈಸ್ ಕುಕ್ಕರ್

ಪ್ರವಾಸ ಹೊರಡುವವರಿಗೆ ನನ್ನದೊಂದು ಬುದ್ಧಿಮಾತು: ಗುಂಪಿನ ರಿಯಾಯಿತಿಗೆ ಆಸೆಪಡಬೇಡಿ. ಇದನ್ನು ಹೇಳುತ್ತಿರುವವನು ಸಾಮಾನ್ಯದವನಲ್ಲ. ಮ್ಯಾನ್‌ಹಟನ್ನಿನ ಫುಟ್‌ಪಾತಿನಲ್ಲಿ ಕೊಡೆ ಮಾರಿ, ಹೋಲ್‌ಸೇಲಿನವರ ಹತ್ತಿರ ಗುದ್ದಾಡಿ, ಕೊನೆಗೆ ಪಕ್ಕದ ರಾಜ್ಯದ ವುಡ್‌ಬ್ರಿಡ್ಜ್‌ನಲ್ಲಿ ಸ್ವಂತ ಸೂಟ್‌ಕೇಸ್ ಅಂಗಡಿ ಇಟ್ಟವನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆ ವಸಂತದಲ್ಲಿ ಮಾತ್ರ ಸೋತೆ. ಗೆದ್ದೆ ಗೆದ್ದೆ ಅಂದುಕೊಂಡೇ ಸೋತೆ.

ನನ್ನ ಹೆಂಡತಿ ಫಾರ್ಮಸಿಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಮನೆಗೆ ಬಂದರೆ ಒಲೆಯ ಮುಂದೆ ಮತ್ತೆ ನಿಲ್ಲಬೇಕು, ಯಾಕೆಂದರೆ ನಮ್ಮ ಮನೆಗೆ ವಾರಕ್ಕೊಮ್ಮೆಯಾದರೂ ಯಾರಾದರೂ ಬಂದೇ ಬರುತ್ತಾರೆ. ಆ ಚಳಿಗಾಲದಲ್ಲಿ ಅವಳ ಹಿಮ್ಮಡಿ ಹಟ ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ "ಯಾ ಅಲ್ಲಾ" ಅನ್ನುತ್ತಿದ್ದಳು. ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗುವುದಿತ್ತು. ದಾರಿಯಲ್ಲಿ ಬ್ಯಾಂಕಾಕಿನಲ್ಲಿ ನಾಲ್ಕು ದಿನ ಇಳಿಯೋಣ ಅಂದಳು. ಆಗ ಅಲ್ಲಿ ಸೊಂಗ್‌ಕ್ರಾನ್, ಥಾಯ್ ಜನರ ಹೊಸ ವರ್ಷ, ಊರಿಗೆ ಊರೇ ಬೀದಿಗಿಳಿದು ನೀರೆರಚಿಕೊಳ್ಳುವ ಹಬ್ಬ.

"ನನಗೇನೂ ನೆನೆಯೋ ಆಸೆ ಇಲ್ಲ," ಎಂದಿದ್ದಳು. "ದೂರದಿಂದ ನೋಡಿದ್ರೆ ಸಾಕು. ಬೇರೆ ಯಾರೋ ಮಾಡಿದ ಅಡಿಗೆ ಕೂತ್ಕೊಂಡು ತಿನ್ಬೇಕು. ಹಲಾಲ್ ಇರ್ಬೇಕು, ಪ್ರತಿ ತುತ್ತಿಗೂ ಇದ್ರಲ್ಲೇನಿದೆ ಅಂತ ವಿಚಾರಣೆ ಮಾಡೋ ಹಾಗಿರಬಾರದು. ಇಷ್ಟೇ ನಾನು ಕೇಳ್ತಿರೋದು."

ಇಷ್ಟೇ. ನಾನು ಒಂದು ಹೋಟೆಲಿಗೆ ಫೋನು ಮಾಡಿದೆ. ಆಸಾಮಿ ಹಬ್ಬದ ರೇಟು ಹೇಳಿದ. ನಾನು ನಕ್ಕೆ. ಚೌಕಾಸಿ ಶುರುವಾಗಬೇಕಾದ್ದೇ ನಗುವಿನಿಂದ, ಇದನ್ನೂ ನೆನಪಿಟ್ಟುಕೊಳ್ಳಿ. ಇನ್ನಷ್ಟು ರೂಮು ತೆಗೆದುಕೊಂಡರೆ ಅರ್ಧಕ್ಕೆ ಇಳಿಸುವುದಾಗಿ ಅವನು ಒಪ್ಪಿದ. ಅರ್ಧ ಅಂದಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ? ಪ್ಲೇನ್ಸ್‌ಬರೋದಲ್ಲಿರುವ ಹುಬ್ಬಳ್ಳಿ ಗೆಳೆಯನಿಗೆ ಹೇಳಿದೆ, ಮಕ್ಕಳ ಸ್ಪ್ರಿಂಗ್ ಬ್ರೇಕ್ ರಜೆಗೆ ಹೇಗೂ ಎಲ್ಲಾದರೂ ಹೋಗುವವನು. ವೆಸ್ಟ್ ವಿಂಡ್ಸರ್‌ನ ಅಂಕಲ್‌ಗೆ ಹೇಳಿದೆ, ಮೈಸೂರಿನವರು, ರಿಟೈರಾದ ಇಂಜಿನಿಯರು. ಅವರು ತಮ್ಮ ಮಗ, ಸೊಸೆ, ಬೀಗರಿಗೆ ಹೇಳಿದರು. ಗುಂಪು ತಯಾರಾಯಿತು.

ಗುಂಪು ಅಂದಮೇಲೆ ಮೀಟಿಂಗು. ಮೀಟಿಂಗು ಅಂದಮೇಲೆ ನಮ್ಮ ಮನೆ. ನಮ್ಮ ಮನೆ ಅಂದಮೇಲೆ ಬಿರಿಯಾನಿ, ಜೊತೆಗೆ ಹುಬ್ಬಳ್ಳಿ ಗೆಳೆಯನ ಮನೆಯವರು ಸಸ್ಯಾಹಾರಿಗಳಾದ್ದರಿಂದ ಬೇರೆ ಪಾತ್ರೆಯಲ್ಲಿ ತರಕಾರಿ ಪಲಾವು. ಆರಾಮಾಗಿರುವುದು ಹೇಗೆ ಎಂದು ನಾವು ಗಂಡಸರು ಸೋಫಾದ ಮೇಲೆ ಚರ್ಚೆ ಮಾಡುತ್ತಿದ್ದರೆ ಅವಳು ಒಳಗೆ ಈರುಳ್ಳಿ ಹುರಿಯುತ್ತಿದ್ದಳು.

ಅಂಕಲ್ ಏನನ್ನೂ ಓದದೆ ಬರುವವರಲ್ಲ. "ನೋಡಪ್ಪಾ, ಆ ಹಬ್ಬಕ್ಕೆ ಅಡಿಗೆಯವರೆಲ್ಲ ಅವರವರ ಊರಿಗೆ ಹೋಗ್ಬಿಡ್ತಾರಂತೆ. ಚಿಕ್ಕಪುಟ್ಟ ಹೋಟ್ಲೆಲ್ಲ ಕ್ಲೋಸು. ಆ ಬಿಸಿಲಲ್ಲಿ ಹಲಾಲ್ ಹುಡುಕ್ಕೊಂಡು ಅಲೀಬೇಕಾ? ಮೇಲೆ ಬೇರೆ ನೀರೆರಚ್ತಾರೆ. ಸೂಟ್‌ಕೇಸಿಗೆ ಒಂದು ರೈಸ್ ಕುಕ್ಕರ್ ಹಾಕ್ಕೊಂಡ್ಬಿಡೋಣ."

"ಎರಡ ಹಾಕ್ರಿ," ಅಂದ ಹುಬ್ಬಳ್ಳಿಯವನು. "ಅಲ್ಲಿ ಕಾಯಿಪಲ್ಲೆದಾಗೂ ಮೀನಿನ ಸಾಸ್ ಹಾಕ್ತಾರಂತ. ನಮ್ಮ ಕುಕ್ಕರ್ ಬ್ಯಾರೆನ ಇರಲಿ. ಭಾಭಿ ಕೈಯಾಗಿನ ಪಲಾವ್ ಇದ್ರ ನಮಗ ಯಾವ ರೆಸ್ಟೋರೆಂಟ್ ಬೇಕ್ರಿ ಸಾಹೇಬ್ರ?"

ನಾನು, ಈ ಜಾಣ, ಎದೆಯುಬ್ಬಿಸಿ ಹೇಳಿದೆ: "ಅದಕ್ಕೂ ದಾರಿ ಮಾಡಿದ್ದೀನಿ. ಕಿಚನ್ ಇರೋ ರೂಮು. ಅದೇ ರೇಟಿಗೆ ಕಿತ್ಕೊಂಡೆ!"

ಒಳಗೆ ಸೌಟಿನ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು ನಿಂತಳು.

"ಯಾರಿಗೆ ಕಿಚನ್ನು?"

"ನಮಗೇ. ಫ್ರೀಯಾಗಿ!"

ಅವಳು ಒಳಗೆ ಹೋದಳು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಸಿಟ್ಟು ನೆತ್ತಿಗೇರಿದರೆ ಮಾತ್ರ ಅವಳು ಕನ್ನಡಕ್ಕೆ ಇಳಿಯುತ್ತಾಳೆ. ಓದಿದ್ದು ಕನ್ನಡ ಮೀಡಿಯಂ, ಅದರಲ್ಲಿ ಅವಳ ಕೈಯೇ ಮೇಲು. ಎಲ್ಲರೂ ಹೋದಮೇಲೆ ಅವಳು ಕನ್ನಡದಲ್ಲಿ ಶುರು ಮಾಡಿದಳು.

"ಒಲೆಯಿಂದ ನಾಲ್ಕು ದಿನ ಬಿಡುಗಡೆ ಕೊಡ್ಸಿ ಅಂದ್ರೆ, ನೀವು ಒಲೆಗೇ ಟಿಕೆಟ್ ತೆಗೀತಿದ್ದೀರಲ್ರೀ! ತಿನ್ನೋ ಜನರನ್ನೂ ಇಲ್ಲಿಂದ್ಲೇ ಕರ್ಕೊಂಡು ಹೋಗ್ತಿದ್ದೀರಿ, ಅಲ್ಲಿ ಗಿರಾಕಿ ಸಿಗಲ್ಲ ಅಂತಾನಾ?"

"ಆದ್ರೆ ರೇಟು ಅರ್ಧ..."

"ಅರ್ಧ ರೇಟಿಗೆ ಪೂರ್ತಿ ಚಾಕರಿ."

ಆದರೂ ಅಷ್ಟು ಕಷ್ಟಪಟ್ಟು ಕುದುರಿಸಿದ ವ್ಯವಹಾರವನ್ನು ಕೈಬಿಡಲು ಮನಸ್ಸು ಬರಲಿಲ್ಲ. ಮುಂದಿನ ಭಾನುವಾರ ಮತ್ತೆ ಎಲ್ಲರನ್ನೂ ಕರೆದೆ.

ಬಂದವರು ಕೋಟು ಬಿಚ್ಚುತ್ತಲೇ ಗಾಳಿ ಮೂಸಿದರು. ಮನೆಯಲ್ಲಿ ಯಾವ ಘಮವೂ ಇರಲಿಲ್ಲ. ನನ್ನ ಹೆಂಡತಿ ಸೋಫಾದ ಮೇಲೆ ಒರಗಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದಳು.

"ಏನಮ್ಮಾ, ಮೈಯಲ್ಲಿ ಹುಷಾರಿಲ್ವಾ?" ಎಂದರು ಅಂಕಲ್.

"ತುಂಬಾ ಚೆನ್ನಾಗಿದ್ದೀನಿ ಅಂಕಲ್. ಬ್ಯಾಂಕಾಕಲ್ಲಿ ಹೇಗೆ ಇರ್ಬೇಕು ಅಂತ ಪ್ರಾಕ್ಟೀಸ್ ಮಾಡ್ತಿದ್ದೀನಿ."

ಹುಬ್ಬಳ್ಳಿ ಗೆಳೆಯನ ಹೆಂಡತಿ ಕಿಸಕ್ಕನೆ ನಕ್ಕಳು. ತಂದಿದ್ದ ಕೋಸಂಬರಿ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, "ನಂದೂ ಪ್ರಾಕ್ಟೀಸ್ ಆಗ್ಲಿ ತಗೋರಿ" ಎನ್ನುತ್ತಾ ಪಕ್ಕದಲ್ಲೇ ಕಾಲು ಚಾಚಿ ಕೂತಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ಏನು ತರಿಸುವುದು ಎಂದು ನಾವು ಗಂಡಸರು ಅಡಿಗೆಮನೆಯಲ್ಲಿ ನಿಂತು ವಾದ ಮಾಡಿದೆವು. ಪಿಜ್ಜಾ ಅಂದರೆ ಅಂಕಲ್‌ಗೆ ಚೀಸು ಹಲಾಲೋ ಅಲ್ಲವೋ ಎಂಬ ಅನುಮಾನ. ಕಬಾಬ್ ಅಂದರೆ ಅದೇ ಚಾಕುವಿನಲ್ಲಿ ತರಕಾರಿ ಹೆಚ್ಚಿರುತ್ತಾರೆಂದು ಹುಬ್ಬಳ್ಳಿಯವನ ಅನುಮಾನ. ಅಂಕಲ್ ಅವರ ಮಗನದು ಡಯಟ್ಟು. ಬೀಗರು, "ಅನ್ನ ಇಲ್ಲದ ಊಟ ಊಟಾನಾ?" ಎಂದು ಕೂಗಿ ಕೇಳಿದರು. ಮಹಡಿಯಲ್ಲಿ ಆಡುತ್ತಿದ್ದ ಮಕ್ಕಳು ಅಲ್ಲಿಂದಲೇ "ವೆನ್ ಆರ್ ವಿ ಈಟಿಂಗ್?" ಎಂದು ಕಿರುಚುತ್ತಿದ್ದವು. ಕೊನೆಗೆ ನಾನೂ ಹುಬ್ಬಳ್ಳಿಯವನೂ ಕಾರು ತೆಗೆದು, ಒಂದು ಕಡೆ ಕಬಾಬು, ಇನ್ನೊಂದು ಕಡೆ ಇಡ್ಲಿ, ಮತ್ತೊಂದು ಕಡೆ ಅನ್ನ ಕಟ್ಟಿಸಿಕೊಳ್ಳುತ್ತಾ ಊರೆಲ್ಲ ಸುತ್ತಿದೆವು.

ಸಿಗ್ನಲ್ಲಿನಲ್ಲಿ ನಿಂತಾಗ ಅವನು, "ಸಾಹೇಬ್ರ, ಇಷ್ಟೂ ಮಂದಿ ಅಲ್ಲಿ ಹೋದ್ರ ನಾಲ್ಕೂ ದಿನ ನಮಗ ಇದ ಕೆಲಸ," ಎಂದ. "ಅದೂ ಮೈಯೆಲ್ಲ ತೊಯ್ಸಿಕೊಂಡು."

"ಅಡಿಗೆ ನನ್ನ ಹೆಂಡತಿ ಮಾಡ್ತಾಳೆ ಅಂತ ನೀನೇ ಅಲ್ವಾ ಹೇಳಿದ್ದು?"

"ಆಕಿ ಮಾಡೂದಿಲ್ಲ ಅಂತ ಈಗ ಗೊತ್ತಾತಲ್ಲ."

ಊಟ ಮುಗಿಯುವ ಮೊದಲೇ ಗುಂಪು ಚದುರಿತು. ಹುಬ್ಬಳ್ಳಿಯವನು ತಮಗೆ ರಜೆಗೆ ಫ್ಲಾರಿಡಾ ಸಾಕು ಎಂದ. ಅಂಕಲ್‌ಗೆ ಬಿಸಿಲು ಆಗುವುದಿಲ್ಲವೆಂದು ಸೊಸೆಗೆ ನೆನಪಾಯಿತು. ನನ್ನ ಅರ್ಧ ರೇಟು ನೀರುಪಾಲಾಯಿತು.

ಹೆಂಡತಿ ತನ್ನ ಫೋನು ಮುಂದಿಟ್ಟಳು. ಕಾಲುವೆಯ ದಡದಲ್ಲಿ, ಮಸೀದಿಯ ಪಕ್ಕದ ಗಲ್ಲಿಯಲ್ಲಿ ಒಂದು ಪುಟ್ಟ ಹೋಟೆಲು. ಅವಳೇ ಫೋನು ಮಾಡಿ ವಿಚಾರಿಸಿದ್ದಳು: ಅಡಿಗೆ ಹಲಾಲ್, ಮಾಡುವವರು ಅದೇ ಗಲ್ಲಿಯವರು, ಹಬ್ಬಕ್ಕೆ ಎಲ್ಲಿಗೂ ಹೋಗುವುದಿಲ್ಲ, ನೀರಾಟದ ದೊಡ್ಡ ಬೀದಿಗಳು ದೂರ. ಹೇಳಿದ ರೇಟಿಗೆ ತಲೆಯಾಡಿಸಿ ಬುಕ್ ಮಾಡಿದ್ದಳು. ಹೇಳಿದ ರೇಟಿಗೆ! ನಾನು ಅವಳ ಫೋನಿಗೆ ಕೈಹಾಕಿದೆ.

"ಒಂದೇ ಒಂದು ಸಲ ನಾನು ಮಾತಾಡ್ತೀನಿ," ಎಂದೆ.

ಅವಳು ನನ್ನನ್ನೇ ನೋಡಿದಳು. "ಮಾತಾಡಿ. ರೂಮಲ್ಲಿ ಒಲೆ ಗಿಲೆ ಏನೂ ಇಲ್ಲ ತಾನೇ ಅಂತ ಕೇಳಿ. ಅಷ್ಟೇ ಕೇಳಿ."

ಕೇಳಿದೆ. ಆ ಕಡೆಯ ಹುಡುಗಿ ಸ್ಪೀಕರಿನಲ್ಲಿ ಬಹಳ ವಿನಯದಿಂದ, ಕ್ಷಮಿಸಿ, ನಮ್ಮ ಯಾವ ರೂಮಿನಲ್ಲೂ ಒಲೆ ಇಲ್ಲ, ಎಂದಳು. ಹೆಂಡತಿಯ ಮುಖ ಅರಳಿತು. ಅಲ್ಲಿಗೇ ಫೋನು ಇಡಬೇಕಿತ್ತು.

"ಹಾಗಾದ್ರೆ," ಎಂದು ನಕ್ಕೆ, "ಒಲೆ ಇಲ್ಲದ್ದಕ್ಕೆ ಏನಾದರೂ ಕಡಿಮೆ ಮಾಡ್ಕೊಳ್ತೀರಾ?"

ಹೆಂಡತಿ ಫೋನು ಕಿತ್ತುಕೊಂಡಳು.