ಬಿಚ್ಚಿ ನೋಡದ ತೋರುಬೆರಳು

1938ರ ಸುಮಾರಿಗೆ ನಾನು ಧಾರವಾಡದ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು; ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ನೋಡಿ ನೋಡಿ ಕಲಿತೆ. ನಾನು ಕಟ್ಟಿದ ಪಟ್ಟಿ ಸಡಿಲಾಗುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ನನ್ನನ್ನು ಕೆಡಿಸಿತು.

ಅಕ್ಕ ಗಂಗವ್ವ ವಿಧವೆ. ಮಾಳಮಡ್ಡಿಯ ಮನೆಗಳಿಗೆ ಮದುವೆ ಸೀರೆಗಳ ಮೇಲೆ ಕಸೂತಿ ಹಾಕಿಕೊಟ್ಟು ಬದುಕುತ್ತಿದ್ದಳು. ಒಂದು ಬೆಳಿಗ್ಗೆ ಜಾರಿ ಈಳಿಗೆಯ ಮೇಲೆ ಬಿದ್ದಳು. ಅಲಗು ಬಲಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಆಳಕ್ಕೆ ಇಳಿದಿತ್ತು. ಹೆಬ್ಬೆರಳೂ ತೋರುಬೆರಳೂ ಕೊಯ್ದಿದ್ದವು. ಆ ಎರಡು ಬೆರಳಿಗೂ ನಾನೇ ಬಿಗಿಯಾಗಿ ಪಟ್ಟಿ ಸುತ್ತಿದೆ.

"ಭಾಳ ಛಂದ ಸುತ್ತೀಯೋ ತಮ್ಮಾ. ಇದರ ಮ್ಯಾಲೂ ಕಸೂತಿ ಹಾಕಲೇನು?" ಎಂದು ಆ ನೋವಿನಲ್ಲೂ ಚೇಷ್ಟೆ ಮಾಡಿದಳು.

ಡಾಕ್ಟರು ಪಿನ್ನು ಚುಚ್ಚಿ ನೋಡಿದರು, ಅಂಗೈಗೆ ಅರಿವಿತ್ತು. ಆದರೆ ಬೆರಳ ತುದಿ ಮಡಿಸುವ ಸ್ನಾಯು ಮುಂಗೈಯ ಆಳದಲ್ಲಿದೆ. ಅದಕ್ಕೆ ಹೋಗುವ ನರದ ಕವಲು ಚರ್ಮಕ್ಕೆ ಬರುವುದಿಲ್ಲ, ಪಿನ್ನಿಗೆ ಸಿಗುವುದಿಲ್ಲ. ಅಕ್ಕನಿಂದ ಒಂದೊಂದೇ ಬೆರಳು ಮಡಿಸಿಸಿ ನೋಡೆಂದು ನನಗೆ ಹೇಳಿ ಅವರು ಇನ್ನೊಬ್ಬ ರೋಗಿಯ ಕಡೆ ತಿರುಗಿದರು.

ನಡುಬೆರಳು ಪೂರ್ತಿ ಮಡಿಯಿತು. ಅದಕ್ಕೂ ತೋರುಬೆರಳಿಗೂ ಒಂದೇ ಮೀಡಿಯನ್ ನರವೆಂದು ಅವರ ಬಾಯಿಂದಲೇ ಕೇಳಿದ್ದೆ. ಇದು ಬಾಗಿದರೆ ಅದೂ ಬಾಗಿದಂತೆ ಎಂದುಕೊಂಡೆ. ಆಗಷ್ಟೇ ಕಟ್ಟಿದ ಪಟ್ಟಿ ಬಿಚ್ಚಲು ಮನಸ್ಸಾಗಲಿಲ್ಲ.

"ತೋರುಬೆರಳು ನೋಡಿದೇನು?" ಎಂದು ಡಾಕ್ಟರು ಅಲ್ಲಿಂದಲೇ ಕೇಳಿದರು.

"ನೋಡೇನ್ರಿ. ಮಡಸ್ತಾಳ್ರಿ."

ಗಾಯ ಹೊಲಿದರು. ನನ್ನ ಮನಸ್ಸು ಮಾತ್ರ ನಿಲ್ಲಲಿಲ್ಲ. ದಿನವೂ ಅಕ್ಕನ ಮನೆಗೆ ಹೋಗುತ್ತಿದ್ದೆ; ಪಟ್ಟಿಯ ಮೇಲಿಂದ ಬೆರಳು ಮುಟ್ಟುತ್ತಿದ್ದೆ; ಏನೂ ಕೇಳದೆ ಎದ್ದು ಬರುತ್ತಿದ್ದೆ. ಕೊನೆಗೆ ಪಟ್ಟಿ ಬಿಚ್ಚಿದ ದಿನ ಎರಡೂ ಬೆರಳ ತುದಿ ನೆಟ್ಟಗೇ ನಿಂತಿದ್ದವು. ಸೂಜಿ ಕೊಟ್ಟರೆ ಜಾರಿ ಬಿತ್ತು.

ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. "ಕೆಲವರಿಗೆ ನಡುಬೆರಳಿಗೆ ಕಿರುಬೆರಳಿನ ಕಡೆಗಿನ ಅಲ್ನರ್ ನರಾನ ಬಂದಿರತದ. ನಿಮ್ಮ ಅಕ್ಕಂದೂ ಹಂಗ; ಮೀಡಿಯನ್ ನರದ ಕವಲು ಕಡದಿದ್ದರೂ ನಡುಬೆರಳು ಮಡೀತು. ಆದರ ತೋರುಬೆರಳು ಮಡೀತು ಅಂದಿದ್ದಿಯಲ್ಲಾ? ಅವತ್ತ ಗೊತ್ತಾಗಿದ್ದರ ನರ ಕೂಡಿಸಿ ಹೊಲದು ನೋಡತಿದ್ದೆ." ನಾನು ಬಿಚ್ಚಿದ ಪಟ್ಟಿಯನ್ನು ಸುತ್ತಿಡತೊಡಗಿದೆ.

ಹೊಲಿದಿದ್ದರೂ ಕೂಡುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಆ ಗೊತ್ತಿಲ್ಲದ್ದೇ ಇಂದಿಗೂ ಕೊರೆಯುತ್ತದೆ. ಒಂದು ಬೆರಳಿನ ಸಾಕ್ಷಿ ಇನ್ನೊಂದು ಬೆರಳಿಗೆ ನಡೆಯದು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ರೋಗಿಗಳು ಬೈದರೂ ಬಿಚ್ಚಿ ನೋಡದೆ ಮಾತಾಡಲಿಲ್ಲ.

ಅಕ್ಕನಿಗೆ ಹೇಳಲು ಧೈರ್ಯ ಬರುವಷ್ಟರಲ್ಲಿ ಅವಳು ಎಡಗೈಯಲ್ಲಿ ಹೊಲಿಯಲು ಹೆಣಗುತ್ತಿದ್ದಳು.

"ಅಕ್ಕಾ, ಅವತ್ತ ನಾ ಪಟ್ಟಿ ಬಿಚ್ಚಿ ನೋಡಿದ್ದಿಲ್ಲ. ನೋಡೇನಿ ಅಂತ ಹೇಳಿದೆ."

ಸೀರೆ ಬದಿಗಿಟ್ಟಳು. ಬಲಗೈಯ ತೋರುಬೆರಳನ್ನು ನನ್ನ ಅಂಗೈ ಮೇಲಿಟ್ಟಳು.

"ಈಗರ ನೋಡು" ಎಂದಳು.