ಒಳಗೆ ನಳವಿರುವ ಮನೆ

ಅಬ್ಬಿಗೇರಿ ಬಿಡಬೇಕೆಂದು ನಾನು ಹಟ ಹಿಡಿದದ್ದು ಒಂದು ಕೊಡ ನೀರಿನ ಸಲುವಾಗಿ. ನಾವಿದ್ದ ಬಾಡಿಗೆ ಮನೆಯ ಒಡತಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಕೆಟ್ಟ ಮುದುಕಿಯಲ್ಲ. ನನ್ನ ಮಗಳು ದೊಡ್ಡವಳಾದಾಗ ಕೊಬ್ಬರಿ, ಬೆಲ್ಲ, ತುಪ್ಪ ಹಾಕಿ ಅಂಟಿನುಂಡಿ ಕಟ್ಟಿ ತಂದವಳು ಆಕೆಯೇ. ನನ್ನ ತವರಿನಿಂದಾಗಲಿ ಗಂಡನ ಮನೆಯಿಂದಾಗಲಿ ಯಾರೂ ಬಂದಿರಲಿಲ್ಲ. ನಾನೂ ನನ್ನ ಗಂಡನೂ ಬೇರೆ ಬೇರೆ ಜಾತಿಯವರು. ಮದುವೆಯಾದಂದಿನಿಂದ ಬಂಧುಬಳಗ ನಮ್ಮ ಮನೆಯ ದಾರಿ ಮರೆತಿದೆ.

ಆದರೆ ಅಂಗಳದಲ್ಲಿ ನೀರು ತುಂಬಿಡುವ ಸಿಮೆಂಟಿನ ಟಾಕಿ ಆಯಿಗೂ ನಮಗೂ ಒಂದೇ. ಮುಟ್ಟಿನ ದಿನಗಳಲ್ಲಿ ಮಗಳು ಅದಕ್ಕೆ ಕೈಹಾಕುವಂತಿರಲಿಲ್ಲ. ಆಯಿ ಬೆಳಿಗ್ಗೆಯೇ ಒಂದು ಕೊಡ ತುಂಬಿ ತಂದು ನಮ್ಮ ಹೊಸ್ತಿಲ ಹತ್ತಿರ ಇಟ್ಟು, ದೂರದಿಂದಲೇ ನಕ್ಕು ಹೋಗುತ್ತಿದ್ದಳು. ನಾನು ಹೇಗೆ ನಡೆಸಿದೆ ಎಂದರೆ, ನನ್ನ ದಿನಗಳನ್ನು ಆಕೆಗೆ ಹೇಳುತ್ತಲೇ ಇರಲಿಲ್ಲ. ಮಗಳಿಗೆ ಆ ಜಾಣತನ ಇನ್ನೂ ಬಂದಿರಲಿಲ್ಲ. ಮುಖ ಸಣ್ಣದಾದರೆ ಸಾಕು, ಆಯಿಗೆ ಗೊತ್ತಾಗಿಬಿಡುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮಕ್ಕಳ ಬಾಯಲ್ಲಿ ಅಕ್ಕಾರು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಮಗಳು ಪಕ್ಕದಲ್ಲಿ ಕೂತು ಕೇಳಿದಳು: "ಅವ್ವ, ಖರೇ ಹೇಳು. ನಾ ಮುಟ್ಟಿದ್ರ ನೀರು ಕೆಡತಾವೇನ?"

ಹಿಟ್ಟಿನ ಕೈ ಒರೆಸಿಕೊಂಡು ಆಕೆಗೆ ಪಾಠವನ್ನೇ ಮಾಡಿದೆ. ಗರ್ಭಕೋಶ, ಅಂಡಾಣು, ರಕ್ತ, ಯಾವುದನ್ನೂ ಬಿಡಲಿಲ್ಲ. ಎಲ್ಲ ಗೊತ್ತೈತಿ, ಪುಸ್ತಕದಾಗ ಓದೇನಿ ಅಂದಳು. ಮರುದಿನ ಬೆಳಿಗ್ಗೆ ನೋಡಿದರೆ ಟಾಕಿಯಿಂದ ಮಾರು ದೂರ ಸುತ್ತುಹಾಕಿ ಹೋಗಿ, ಕೊಡದ ನೀರಿನಲ್ಲೇ ಮುಖ ತೊಳೆಯುತ್ತಿದ್ದಾಳೆ. ಆಯಿ ಕೊಡ ಇಟ್ಟು ಹೊರಗೆ ಹೋಗಿದ್ದಳು, ನೋಡುವವರು ಯಾರೂ ಇರಲಿಲ್ಲ. ಆಯಿಯ ನಂಬಿಕೆ ಆಯಿಯದು, ಅದಕ್ಕೆ ನಾನು ಹೆದರಿದವಳಲ್ಲ. ಅದು ನನ್ನ ಮಗಳ ಕೈಕಾಲಿಗೆ ಇಳಿದದ್ದನ್ನು ಕಂಡು ಹೆದರಿದೆ. ಅವತ್ತು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಆ ಬೇಸಿಗೆ ವರ್ಗಾವಣೆ ಕೇಳಿದೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಜಾಗ ಖಾಲಿ ಇದ್ದವು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೂ ಮೂರರಲ್ಲಿ ಬೇಕಾದ್ದು ಸಿಗುವಂತಿತ್ತು. ಮಂದಿ ಊರು ಆರಿಸುವಾಗ ನೀರು ಹೇಗೆ, ಸಂತೆ ಯಾವತ್ತು, ಸಾಲಿ ಎಷ್ಟು ದೂರ ಎಂದು ಕೇಳುತ್ತಾರೆ. ನಾನು ಬೇರೆಯೇ ಲೆಕ್ಕ ಹಾಕಿದ್ದೆ. ಎಲ್ಲಿಯ ಮಂದಿ ಯೋಚನೆ ಮಾಡಿ ನಡೆಯುತ್ತಾರೋ, ಎಲ್ಲಿ ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ಕೈಹಾಕುವುದಿಲ್ಲವೋ ಆ ಊರು ನಮ್ಮದು. ಬುದ್ಧಿ ಇದ್ದಲ್ಲಿ ಸ್ವಾತಂತ್ರ್ಯ ತಾನಾಗಿ ಇರುತ್ತದೆ, ಇವೆರಡೂ ಜೋಡೆತ್ತು ಎಂದು ನನಗೆ ಗಟ್ಟಿ ನಂಬಿಕೆ ಇತ್ತು. ಗಂಡ ನಕ್ಕ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂದ. ಎರಡು ಊರಿಗೆ ಗುಡ್ಡ ಇದ್ದೇ ಇದೆ, ಹತ್ತಿರ ಹೋಗಿಯೇ ನೋಡೋಣ ಅಂದೆ.

ಮೊದಲು ರೋಣಕ್ಕೆ ಹೋದೆವು. ಮನೆಯೊಡತಿ ಚಹಾ ಕೊಟ್ಟು, ಮಂಡಕ್ಕಿ ಕೊಟ್ಟು, ಅಡ್ಡಹೆಸರು ಕೇಳಿದಳು. ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಅರ್ಧ ಜಾತಕ ಕೊಟ್ಟ ಹಾಗೆ. ಗಂಡನದು ಎರಡು ಮೂರು ಜಾತಿಗಳಲ್ಲಿ ಬರುವ ಹೆಸರು, ಅದರಿಂದ ಆಕೆಗೆ ಬಗೆಹರಿಯಲಿಲ್ಲ. ಮನೆದೇವರು ಕೇಳಿದಳು. ನಮ್ಮ ಮನೆದೇವರು ಬಸ್ ರಿಪೇರಿಯ ಜಾಕು ಪಾನಾ ಎಂದು ಗಂಡ ಚೇಷ್ಟೆ ಮಾಡಿದ. ಕೊನೆಗೆ ನನ್ನ ತವರು ಯಾವುದು, ಯಾರ ಪೈಕಿ ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಚಹಾದ ಕಪ್ಪು ಕೆಳಗಿಡುವುದರೊಳಗೆ ಆ ಮನೆಯನ್ನು ಅವಳ ತಮ್ಮ ಮೊದಲೇ ಕೇಳಿಟ್ಟಿದ್ದು ಆಕೆಗೆ ನೆನಪಾಯಿತು.

ನರಗುಂದದಲ್ಲಿ ಗುಡ್ಡದ ಬುಡಕ್ಕೆ ಚಲೋ ಮನೆ. ಒಡೆಯ ಏನೂ ಕೇಳಲಿಲ್ಲ, ನನ್ನ ಜೀವ ಹಗುರಾಯಿತು. ಅಡುಗೆಮನೆ ತೋರಿಸಿ, ಕಪಾಟು ತೋರಿಸಿ, ಹಿತ್ತಲ ಕಡೆ ಇನ್ನೊಂದು ಸಣ್ಣ ಬಾಗಿಲು ತೆರೆದು ತೋರಿಸಿದ. ಹೆಣ್ಣುಮಕ್ಕಳು ಆ ದಿನಗಳಲ್ಲಿ ದೇವರ ಮನೆಯ ಮುಂದೆ ಹಾಯಬಾರದು ನೋಡಿ, ಅದಕ್ಕೇ ಬೇರೆ ಬಾಗಿಲು ಇಡಿಸಿದೆ ಎಂದು, ಹೊಸ ಟಿವಿ ತೋರಿಸುವವರಂತೆ ಹಿಗ್ಗಿ ಹೇಳಿದ. ಮಗಳು ಆ ಬಾಗಿಲಿನ ಅಗುಳಿಯನ್ನು ಒಮ್ಮೆ ಹಾಕಿ ತೆಗೆದು ನೋಡಿದಳು. ನಾನು ಅವಳ ಕೈಹಿಡಿದು ಹೊರಗೆ ಕರೆತಂದೆ. ಉಳಿದದ್ದು ಇನ್ನೊಂದೇ ಊರು.

ಗಜೇಂದ್ರಗಡದಲ್ಲಿ ನಿವೃತ್ತ ಲೆಕ್ಚರರ್ ಒಬ್ಬರ ಮನೆ. ಊರಿಗೆಲ್ಲ ಅವರು ಸರ್. ಅವರು ಹೆಂಡತಿಯೊಂದಿಗೆ ಮುಂದಿನ ಭಾಗದಲ್ಲಿದ್ದರು, ಹಿಂದಿನ ಭಾಗ ಬಾಡಿಗೆಗೆ. ಅಂಗಳದಲ್ಲಿ ದೊಡ್ಡ ಬೇವಿನ ಗಿಡ, ಅದರ ಕೆಳಗೆ ಎರಡೂ ಮನೆಗೆ ಸೇರಿದ ನಳ. ಪಡಸಾಲೆಯ ತುಂಬ ಪುಸ್ತಕ. ಅವರು ಅಡ್ಡಹೆಸರು ಕೇಳಲಿಲ್ಲ, ದೇವರನ್ನು ಕೇಳಲಿಲ್ಲ. ಎಲ್ಲಿಂದ ಬಂದಿರಿ, ಯಾಕೆ ಬಿಟ್ಟಿರಿ ಎಂದಷ್ಟೇ ಕೇಳಿದರು. ನಾನು ಕೊಡದ ಕತೆ ಹೇಳಿದೆ. ಅವರ ಕಣ್ಣು ಕೆಂಪಾದವು.

"ಈ ಮನ್ಯಾಗ ಜಾತಿ ಇಲ್ಲ, ಮೈಲಿಗಿ ಇಲ್ಲ. ನಿಮ್ಮ ಮಗಳು ಆ ನಳಾ ಯಾವತ್ತಾದ್ರೂ ಮುಟ್ಟಲಿ ಅಕ್ಕಾರ," ಅಂದರು.

ನಾನು ಅಲ್ಲೇ ಅಳುವುದೊಂದು ಬಾಕಿ. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು, ನಾನು ಗಂಡನಿಗೆ ನೋಡಿದೆಯಾ, ನೋಡಿದೆಯಾ ಎನ್ನುತ್ತಿದ್ದೆ. ಅವನು ನೋಡಿದೆ ಅಂದ, ಅಷ್ಟೇ.

ಆ ಮನೆಗೆ ಹೋದ ಹೊಸತರಲ್ಲಿ ಮಗಳು ಆ ನಳದಲ್ಲಿ ನೀರು ಹಿಡಿಯುವುದನ್ನು ನೋಡುವುದೇ ನನಗೆ ಹಬ್ಬ. ಆಮೇಲೆ ಒಂದೊಂದೇ ಕಾಣತೊಡಗಿತು. ಗಂಡ ಅಮಾವಾಸ್ಯೆಗೆ ಬೈಕಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾನೆ. ಡಿಪೋದ ರೂಢಿ, ನಂಬಿಕೆಯೋ ಚಟವೋ ಅವನಿಗೇ ತಿಳಿಯದು. ಸರ್ ಅದನ್ನು ಬಿಚ್ಚಿ ತಿಪ್ಪೆಗೆ ಒಗೆದರು. ಮಗಳು ಬಾಗಿಲಿಗೆ ರಂಗೋಲಿ ಹಾಕಿದರೆ, ವಿಜ್ಞಾನ ಅಕ್ಕಾರ ಮಗಳು ಹೀಗೆ ಮಾಡಬಹುದೇ ಎಂದು ಚಪ್ಪಲಿ ಕಾಲಿನಲ್ಲಿ ಅಳಿಸಿ, ಪ್ರೀತಿಯಿಂದಲೇ ಬುದ್ಧಿ ಹೇಳಿದರು. ಒಮ್ಮೆ ಹಿಟ್ಟು ಸಾಲ ಕೇಳಲು ಅವರ ಅಡುಗೆಮನೆಗೆ ಹೋದೆ. ಜೋಳದ ಡಬ್ಬಿ ಸರಿಸಿದಾಗ ಅದರ ಹಿಂದೆ ದೇವರ ಸಣ್ಣ ಫೋಟೋ, ಮುಂದೆ ಊದಿನಕಡ್ಡಿಯ ಬೂದಿ. ಅವರ ಹೆಂಡತಿ ನನ್ನ ಮುಖ ನೋಡಿದಳು, ಡಬ್ಬಿಯನ್ನು ಮತ್ತೆ ಅಲ್ಲಿಗೇ ನೂಕಿದಳು. ಆಯಿಗೆ ಹೆದರಿ ನಾನು ನನ್ನ ದಿನ ಬಚ್ಚಿಟ್ಟ ಹಾಗೆ ಈಕೆ ಗಂಡನಿಗೆ ಹೆದರಿ ದೇವರನ್ನು ಬಚ್ಚಿಟ್ಟಿದ್ದಳು. ಕಂಡದ್ದನ್ನು ನನ್ನ ಗಂಡನಿಗೆ ಹೇಳಲಿಲ್ಲ. ಊರು ಆರಿಸಿದವಳು ನಾನೇ ಅಲ್ಲವೇ?

ಪಂಚಮಿ ಬಂತು. ನಮ್ಮ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ನಾಗಪ್ಪನಿಗೆ ಹಾಲು ಎರೆಯುತ್ತಾರೆ ನಿಜ, ಆದರೆ ಹುಡುಗಿಯರಿಗೆ ಬೇಕಾದದ್ದು ಉಂಡಿ ಮತ್ತು ಜೋಕಾಲಿ. ಮಗಳು ಗೆಳತಿಯರನ್ನು ಕರೆದು, ಹಗ್ಗವನ್ನೂ ತಂದು, ಬೇವಿನ ಗಿಡಕ್ಕೆ ಕಟ್ಟಲು ನಿಂತಿದ್ದಳು. ಸರ್ ಬೇಡವೆಂದರು. ಹಾವು ಹಾಲು ಕುಡಿಯುವುದಿಲ್ಲವೆಂದು ಹುಡುಗಿಯರಿಗೆಲ್ಲ ಸಾವಕಾಶವಾಗಿ ವಿವರಿಸಿ, ಮೂಢನಂಬಿಕೆಯ ಹಬ್ಬಕ್ಕೆ ತಮ್ಮ ಗಿಡ ಕೊಡುವುದಿಲ್ಲ ಎಂದರು. ಹೇಳಿದ್ದೆಲ್ಲ ನಿಜವೇ. ನಾನೇ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ. ಮಗಳು ಹಗ್ಗ ಸುತ್ತಿ ಮಂಚದ ಕೆಳಗೆ ಇಟ್ಟಳು.

ಆಗಲೇ ಮನೆ ಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಎಲ್ಲಿಗೆ ಹೋಗುವುದು? ಜಾತಿ ಕೇಳದೆ ಮನೆ ಕೊಟ್ಟವರು ಅವರೊಬ್ಬರೇ. ಜೋಕಾಲಿ ಇಲ್ಲದಿದ್ದರೆ ಏನಾಯಿತು, ನೀರು ಮುಟ್ಟುತ್ತಾಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಪಂಚಮಿ ಕಳೆದು ಸ್ವಲ್ಪ ದಿನಕ್ಕೆ, ಒಂದು ರವಿವಾರ, ಮಗಳಿಗೆ ಹೊಟ್ಟೆನೋವು ಹೆಚ್ಚಾಯಿತು. ಬಿಸಿನೀರಿನ ಚೀಲ ಕೇಳಲು ನಾನು ಸರ್ ಅವರ ಹೆಂಡತಿಯ ಹತ್ತಿರ ಹೋದೆ. ಆಕೆ ಕೊಟ್ಟಳು. ಸರ್ ಪಡಸಾಲೆಯಲ್ಲೇ ಪೇಪರ್ ಓದುತ್ತಿದ್ದರು, ಕೇಳಿಸಿಕೊಂಡಿರಬೇಕು. ಸಂಜೆ ಅವರ ಗೆಳೆಯರು ನಾಲ್ಕಾರು ಮಂದಿ ಬಂದು ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಹೊಟ್ಟೆನೋವು ಇಳಿದು ಮಗಳು ಬಾಗಿಲಲ್ಲಿ ಕೂತಿದ್ದಳು. ಸರ್ ಆಕೆಯನ್ನು ಕರೆದು, ಎಲ್ಲರಿಗೂ ನೀರು ತಾ ಕೂಸ ಅಂದರು. ಆಕೆ ನಳದ ನೀರು ತುಂಬಿ ತಟ್ಟೆಯಲ್ಲಿ ಗ್ಲಾಸು ಇಟ್ಟುಕೊಂಡು ತಂದಳು. ಎಲ್ಲರೂ ಕುಡಿದರು. ನಾನು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದೆ.

ಗ್ಲಾಸುಗಳು ಮತ್ತೆ ತಟ್ಟೆಗೆ ಬಂದ ಮೇಲೆ ಸರ್ ಆಕೆಯ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಈ ಹುಡುಗಿ ಇವತ್ತ ಮುಟ್ಟಾಗ್ಯಾಳ. ಇಕಿ ಕೈಯಾಗಿನ ನೀರು ಕುಡದೀರಿ. ಯಾರಿಗರ ಏನರ ಆತೇನ?"

ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಗ್ಲಾಸಿನ ಕಡೆ ನೋಡಿ ಮುಖ ತಿರುಗಿಸಿದರು. ನಾನು ಹೋಗಿ ಮಗಳ ಕೈಯಿಂದ ತಟ್ಟೆ ಕಸಿದುಕೊಂಡೆ. ನನ್ನ ಮಗಳನ್ನು ಮಂದಿಯ ಮುಂದೆ ಹೀಗೆ ಎಳೆದು ನಿಲ್ಲಿಸಲು ನೀವು ಯಾರು ಎಂಬರ್ಥದ್ದೇನೋ ಸಿಟ್ಟಿನಲ್ಲಿ ಅಂದೆ. ಸರ್ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮುಖದಲ್ಲಿ ಕಪಟವಿರಲಿಲ್ಲ, ನೋವಿತ್ತು.

"ಇದರ ಸಲುವಾಗೇ ಊರು ಬಿಟ್ಟು ಬಂದವರು ನೀವೇ ಅಲ್ಲೇನ್ರಿ ಅಕ್ಕಾರ?"

ಮಗಳು ಅಷ್ಟರಲ್ಲಿ ಒಳಗೆ ಹೋಗಿದ್ದಳು.

ಎರಡು ದಿನ ಆಕೆ ಸಾಲಿಗೆ ಹೋಗಲಿಲ್ಲ. ಚಪ್ಪಾಳೆ ತಟ್ಟಿದವರ ಮೊಮ್ಮಗ ಆಕೆಯ ತರಗತಿಯಲ್ಲೇ ಇದ್ದ. ನಾನು ಹತ್ತಿರ ಕೂತು ಸಮಾಧಾನಕ್ಕೆ ಮತ್ತೆ ಪಾಠ ಶುರುಮಾಡಿದೆ, ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ ಅಂತ. ಆಕೆ ನನ್ನನ್ನು ಪೂರ್ತಿ ಮಾತಾಡಲು ಬಿಡಲಿಲ್ಲ.

"ಆಯಿ ಕೊಡ ಇಟ್ಟಾಗ ಆಯಿಗಷ್ಟ ಗೊತ್ತಾಗತಿತ್ತು, ಇಲ್ಲಿ ಊರಿಗೆಲ್ಲಾ ಗೊತ್ತಾತು. ಅಲ್ಲಿ ನೀರು ಮುಟ್ಟಬ್ಯಾಡ ಅಂದ್ರು, ಇಲ್ಲಿ ಮುಟ್ಟಿ ತೋರ್ಸು ಅಂದ್ರು. ನಿನಗೇನ ಬೇಕು ಅಂತ ಯಾರೂ ಕೇಳಲಿಲ್ಲವ್ವ. ನೀನೂ ಕೇಳಲಿಲ್ಲ."

ನನ್ನ ಜೋಡೆತ್ತು ಅಲ್ಲೇ ಕಣ್ಣಿ ಹರಿದುಕೊಂಡವು. ಬುದ್ಧಿ ಒಂದು ಕಡೆ, ಸ್ವಾತಂತ್ರ್ಯ ಇನ್ನೊಂದು ಕಡೆ. ಹಾಗಾದರೆ ನಿನಗೆ ಏನು ಬೇಕು ಎಂದು ಆಗ ಕೇಳಿದೆ. ಯೋಚಿಸದೆಯೇ ಹೇಳಿದಳು, ಬಹಳ ದಿನದಿಂದ ತಯಾರಿದ್ದ ಉತ್ತರ ಅದು. ಒಳಗೇ ನಳ ಇರುವ ಮನೆ ನೋಡು, ಬಚ್ಚಲಿಗೆ ಗಟ್ಟಿ ಚಿಲಕ ಇರಲಿ, ಊರು ಯಾವುದಾದರೂ ನಡೆಯುತ್ತದೆ.

ಅದೇ ಊರಿನ ಇನ್ನೊಂದು ಓಣಿಯಲ್ಲಿ ಅಂಥ ಮನೆ ಸಿಕ್ಕಿತು. ಒಡತಿ ಅಡ್ಡಹೆಸರು ಕೇಳಿದಳು, ಮನೆದೇವರು ಕೇಳಿದಳು, ತವರು ಕೇಳಿದಳು. ನಾನು ಎಲ್ಲ ನಿಜ ಹೇಳಿ, ಅವಳಿಗೂ ಒಬ್ಬ ತಮ್ಮ ಹುಟ್ಟಿಕೊಳ್ಳುತ್ತಾನೆಂದು ಕಾದೆ. ಆಕೆ ಮುಖ ಗಂಟಿಕ್ಕಿಕೊಂಡು ಕೀಲಿಯನ್ನು ನನ್ನ ಕೈಗಿಟ್ಟು, ಗೋಡೆಗೆ ಮೊಳೆ ಹೊಡೆಯಬ್ಯಾಡ್ರಿ ಅಂದಳು. ಒಳಗೆ ಮಗಳು ಬಚ್ಚಲ ನಳ ಬಿಟ್ಟು ನೋಡುತ್ತಿದ್ದಳು, ಚಿಲಕ ಹಾಕಿ ತೆಗೆಯುವ ಸದ್ದು ಕೇಳುತ್ತಿತ್ತು. ಸಾಮಾನು ತಂದ ದಿನ ಗಂಡ ಬೈಕಿಗೆ ಲಿಂಬೆಹಣ್ಣು ಕಟ್ಟಿದ. ಯಾರೂ ಬಿಚ್ಚಲಿಲ್ಲ. ಮಂಚದ ಕೆಳಗಿನ ಹಗ್ಗ ಈಗ ಈ ಮನೆಯ ಜಂತಿಯಲ್ಲಿ ಜೋಕಾಲಿಯಾಗಿದೆ, ಹಬ್ಬವಿರಲಿ ಬಿಡಲಿ.

ಈಗ ಆಕೆ ತನ್ನ ದಿನಗಳನ್ನು ಯಾರಿಗೂ ಹೇಳುವುದಿಲ್ಲ. ನನಗೂ ಹೇಳುವುದಿಲ್ಲ. ಬೇಕಾದದ್ದನ್ನು ಔಷಧಿ ಅಂಗಡಿಯಿಂದ ತಾನೇ ತಂದುಕೊಳ್ಳುತ್ತಾಳೆ. ನಾನು ಬಯಸಿದ್ದೂ ಇದನ್ನೇ ಅಲ್ಲವೇ ಎಂದುಕೊಳ್ಳುತ್ತೇನೆ. ಆದರೂ ಜೀವ ತಡೆಯುವುದಿಲ್ಲ. ನೋವಿದೆಯೋ, ಅಳುತ್ತಿದ್ದಾಳೋ, ನೀರಿಗೆ ಇನ್ನೂ ಹೆದರುತ್ತಾಳೋ ಎಂದು ಬಚ್ಚಲ ಬಾಗಿಲಿಗೆ ಕಿವಿಯಿಟ್ಟುಕೊಂಡೇ ಮನೆಗೆಲಸ ಮಾಡುತ್ತೇನೆ. ಮೊನ್ನೆ ಸಂಜೆ ಆಕೆಯ ಮುಖ ಸಣ್ಣದಾದಂತೆ ಕಂಡಿತು. ಬಿಸಿನೀರಿನ ಚೀಲ ತುಂಬಿ, ಕರೆಯಲು ಧೈರ್ಯ ಸಾಲದೆ, ಆಕೆಯ ಕೋಣೆಯ ಹೊಸ್ತಿಲ ಹತ್ತಿರ ಇಟ್ಟು ಸದ್ದಿಲ್ಲದೆ ಬಂದೆ. ಅಡುಗೆಮನೆಗೆ ಬಂದ ಮೇಲೆ ಆಯಿಯ ಕೊಡ ನೆನಪಾಯಿತು.

ರೊಟ್ಟಿ ಮುಗಿಸಿ ಹೋಗಿ ನೋಡಿದರೆ ಚೀಲ ಅಲ್ಲೇ ಇತ್ತು, ತಣ್ಣಗಾಗಿತ್ತು. ಮಗಳು ಬಾಗಿಲು ತೆರೆದು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಬೇಕಾದ್ರ ನಾನೇ ಕೇಳ್ತೀನವ್ವ," ಅಂದಳು.

ಇನ್ನೂ ಕೇಳಿಲ್ಲ.